ಬಗ್ದಾದಿನ ಪೀಠ ಬಿಟ್ಟ ಇಮಾಮ್: ವಾದದೊಳಗೆ ಅಡಗುವ ‘ನಾನು’

ಕಳೆದ ತಿಂಗಳ ಒಂದು ಜುಮಾದಲ್ಲಿ ನಾಲಗೆಯ ಕೆಡುಕುಗಳ ಬಗ್ಗೆ ಖುತ್ಬಾ ಕೊಟ್ಟಿದ್ದೆ. ವಾದ, ಜಗಳ, ಮೊಂಡುತನಗಳನ್ನು ಬಿಟ್ಟುಬಿಡಿ ಎಂದು ಅದರಲ್ಲಿ ಹೇಳಿದ್ದೆ. ನಮಾಝ್ ಮುಗಿದು ಜನ ಹೊರಡುವಾಗ ಕಾಲೇಜು ಓದುವ ಯುವಕನೊಬ್ಬ ನನ್ನ ಬಳಿ ಬಂದು ಕುಳಿತ. “ಉಸ್ತಾದ್, ಒಬ್ಬರು ದೀನಿನ ವಿಷಯದಲ್ಲಿ ತಪ್ಪು ಹೇಳುತ್ತಿದ್ದಾರೆ, ಅದು ತಪ್ಪೆಂದು ನನಗೆ ಗೊತ್ತು. ಆಗಲೂ ಬಾಯಿ ಮುಚ್ಚಿಕೊಂಡು ಕೂರಬೇಕೇ? ನಮ್ಮ ಇಮಾಮರುಗಳೆಲ್ಲ ವಾದ ಮಾಡಿದವರೇ ಅಲ್ಲವೇ?” ಎಂದು ಕೇಳಿದ.

ಅವನ ಪ್ರಶ್ನೆ ನ್ಯಾಯವಾದದ್ದು. ಹದಿನೈದು ನಿಮಿಷದ ಖುತ್ಬಾದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಈ ಲೇಖನ ಅವನಿಗೆ ಕೊಡುವ ಉತ್ತರ, ಅವನ ನೆಪದಲ್ಲಿ ನನಗೆ ನಾನೇ ಕೊಟ್ಟುಕೊಳ್ಳುವ ಉತ್ತರವೂ ಹೌದು.

ಮೊದಲ ವಾದ

ವಾದ ಮಾಡುವುದೇ ಪಾಪ ಎಂದು ಇಸ್ಲಾಮ್ ಹೇಳಿಲ್ಲ. ಜನರನ್ನು ಯುಕ್ತಿಯಿಂದಲೂ ಒಳ್ಳೆಯ ಉಪದೇಶದಿಂದಲೂ ಅಲ್ಲಾಹನ ಮಾರ್ಗಕ್ಕೆ ಕರೆಯಬೇಕು, ಚರ್ಚಿಸಬೇಕಾಗಿ ಬಂದರೆ ಅತ್ಯುತ್ತಮ ರೀತಿಯಲ್ಲಿ ಚರ್ಚಿಸಬೇಕು ಎಂಬ ಆದೇಶ ಸೂರಃ ಅನ್ನಹ್ಲ್‌ನಲ್ಲಿದೆ. ಪ್ರವಾದಿ ಇಬ್ರಾಹೀಮ್(ಅ) ಅಹಂಕಾರಿ ಅರಸನೊಂದಿಗೆ ವಾದಿಸಿದರು. ಪ್ರವಾದಿ ಮೂಸಾ(ಅ) ಫಿರ್‌ಔನ್‌ನ ಆಸ್ಥಾನದಲ್ಲಿ ಮಾತನಾಡಿದರು.

ಆದರೆ ಇವರೆಲ್ಲರಿಗಿಂತ ಮೊದಲು ಒಂದು ವಾದ ನಡೆದಿತ್ತು. ಆದಮ್‌ರಿಗೆ(ಅ) ಸುಜೂದ್ ಮಾಡು ಎಂಬ ಆಜ್ಞೆ ಬಂದಾಗ ಇಬ್ಲೀಸ್ ಸುಮ್ಮನೆ ನಿರಾಕರಿಸಲಿಲ್ಲ, ಅದಕ್ಕೊಂದು ತರ್ಕ ಹೂಡಿದ. ತಾನು ಬೆಂಕಿಯಿಂದಾದವನು, ಆದಮ್ ಮಣ್ಣಿನಿಂದಾದವನು, ಆದ್ದರಿಂದ ತಾನೇ ಮೇಲು ಎಂಬುದು ಅವನ ವಾದ. ಮೇಲ್ನೋಟಕ್ಕೆ ಅದು ಬೆಂಕಿ ಮತ್ತು ಮಣ್ಣಿನ ಚರ್ಚೆಯಂತೆ ಕಾಣುತ್ತದೆ. ಆದರೆ ಅವನು ಮೊದಲು ‘ನಾನು ಮೇಲು’ ಎಂದು ತೀರ್ಮಾನಿಸಿದ, ಪುರಾವೆಯನ್ನು ಆಮೇಲೆ ಹುಡುಕಿದ.

ಅಹಂಕಾರ ಎಂದರೇನು ಎಂಬುದನ್ನು ಪ್ರವಾದಿ(ಸ) ಒಮ್ಮೆ ಸಹಾಬಿಗಳಿಗೆ ಬಿಡಿಸಿ ಹೇಳಿದ್ದರು. ಒಳ್ಳೆಯ ಬಟ್ಟೆ, ಒಳ್ಳೆಯ ಚಪ್ಪಲಿ ಇಷ್ಟಪಡುವುದು ಅಹಂಕಾರವೇ ಎಂಬ ಸಂಶಯ ಒಬ್ಬರಿಗೆ ಬಂದಿತ್ತು. ಅಲ್ಲ, ಅಲ್ಲಾಹನು ಸೌಂದರ್ಯವನ್ನು ಮೆಚ್ಚುವವನು ಎಂದು ಪ್ರವಾದಿ(ಸ) ಸಮಾಧಾನಪಡಿಸಿದರು. ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದು, ಇವೆರಡೇ ಅಹಂಕಾರ ಎಂದು ವಿವರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ಓದುವಾಗಲೆಲ್ಲ ನನಗೆ ನಮ್ಮ ಚರ್ಚೆಗಳು ನೆನಪಾಗುತ್ತವೆ. ಒಬ್ಬ ಮನುಷ್ಯ ಈ ಎರಡೂ ತಪ್ಪುಗಳನ್ನು ಒಟ್ಟಿಗೆ ಮಾಡುವುದು ಎಲ್ಲಿ? ಬಟ್ಟೆಯಂಗಡಿಯಲ್ಲಲ್ಲ, ವಾದದಲ್ಲಿ. ಎದುರಿನವನ ಬಾಯಿಂದ ಬಂದ ಸತ್ಯವನ್ನು ಒಪ್ಪಲು ಮನಸ್ಸಾಗುವುದಿಲ್ಲ. ಒಪ್ಪದೇ ಇರಲು ಕಾರಣ ಸಿಗದಾಗ ಆ ಮನುಷ್ಯನನ್ನೇ ಸಣ್ಣವನನ್ನಾಗಿ ಮಾಡಿಬಿಡುತ್ತೇವೆ.

ಸಹಾಬಿಗಳ ದಾರಿ

ಸಹಾಬಿಗಳ ನಡುವೆ ಭಿನ್ನಾಭಿಪ್ರಾಯ ಇರಲಿಲ್ಲವೇ? ಧಾರಾಳವಾಗಿ ಇತ್ತು. ಹಿಜರಿ 5ರಲ್ಲಿ ಕಂದಕ ಯುದ್ಧ ಮುಗಿದ ಕೂಡಲೇ ಬನೂ ಕುರೈಝಾದ ಕಡೆಗೆ ಹೊರಡುವಂತೆಯೂ ಅಲ್ಲಿಗೆ ತಲುಪಿದ ಬಳಿಕವೇ ಅಸ್ರ್ ನಮಾಝ್ ಮಾಡುವಂತೆಯೂ ಪ್ರವಾದಿ(ಸ) ಹೇಳಿದ್ದರು. ದಾರಿಯಲ್ಲೇ ಅಸ್ರ್‌ನ ಸಮಯ ಬಂತು. ಬೇಗ ಹೋಗಿ ಎಂಬುದಷ್ಟೇ ಆ ಮಾತಿನ ಉದ್ದೇಶ ಎಂದು ಕೆಲವರು ದಾರಿಯಲ್ಲೇ ನಮಾಝ್ ಮಾಡಿದರು. ಹೇಳಿದ್ದನ್ನು ಹೇಳಿದಂತೆಯೇ ಪಾಲಿಸಬೇಕು ಎಂದು ಇನ್ನು ಕೆಲವರು ಅಲ್ಲಿಗೆ ತಲುಪುವವರೆಗೂ ತಡೆದರು. ವಿಷಯ ಪ್ರವಾದಿಯವರ(ಸ) ಮುಂದೆ ಬಂದಾಗ ಅವರು ಎರಡೂ ಗುಂಪಿನಲ್ಲಿ ಯಾರನ್ನೂ ಗದರಲಿಲ್ಲ. ಅಂದು ಒಂದೇ ದಾರಿಯಲ್ಲಿ ಎರಡು ರೀತಿ ನಡೆದುಕೊಂಡವರು ಒಬ್ಬರಿಗೊಬ್ಬರು ಸಲಾಮ್ ಹೇಳುವುದನ್ನು ನಿಲ್ಲಿಸಲಿಲ್ಲ.

ತಪ್ಪು ಸ್ಪಷ್ಟವಾಗಿದ್ದಾಗಲೂ ವಾದದ ರೀತಿ ಹೇಗಿತ್ತು ಎಂಬುದಕ್ಕೆ ಹಝ್ರತ್ ಅಲಿಯವರ(ರ) ಕಾಲದ ಘಟನೆ ಸಾಕು. ಖವಾರಿಜರು ಸೈನ್ಯದಿಂದ ಬೇರೆಯಾಗಿ ಹರೂರಾ ಎಂಬಲ್ಲಿ ಬೀಡುಬಿಟ್ಟಿದ್ದರು. ಅವರೊಂದಿಗೆ ಮಾತನಾಡಲು ಹಝ್ರತ್ ಅಬ್ದುಲ್ಲಾ ಇಬ್ನು ಅಬ್ಬಾಸ್(ರ) ಒಬ್ಬರೇ ಹೋದರು. ಮೈಮೇಲಿನ ಒಳ್ಳೆಯ ಯಮನಿ ಉಡುಪನ್ನು ಕಂಡೇ ಅವರು ಆಕ್ಷೇಪ ಎತ್ತಿದರು. ಇಬ್ನು ಅಬ್ಬಾಸ್(ರ) ಕೆರಳಲಿಲ್ಲ. ಪ್ರವಾದಿಯವರ(ಸ) ಮೈಮೇಲೆ ಒಳ್ಳೆಯ ಉಡುಪನ್ನು ತಾವು ಕಂಡಿದ್ದೇವೆಂದು ಹೇಳಿ ಆ ಮಾತನ್ನು ಅಲ್ಲಿಗೇ ಬಿಟ್ಟರು. ಬಳಿಕ ಅವರ ಆಕ್ಷೇಪಗಳೇನು ಎಂದು ಕೇಳಿದರು. ಅವರು ಮೂರನ್ನು ಹೇಳಿದರು. ಇನ್ನೂ ಏನಾದರೂ ಉಂಟೇ ಎಂದು ವಿಚಾರಿಸಿ, ಇಲ್ಲ ಎಂದ ಮೇಲೆ ಒಂದೊಂದಕ್ಕೂ ಕುರ್‌ಆನ್ ಮತ್ತು ಸುನ್ನತ್ತಿನಿಂದ ಉತ್ತರಿಸಿದರು. ಪ್ರತಿ ಉತ್ತರದ ಬಳಿಕ, ಈ ವಿಷಯ ಮುಗಿಯಿತೇ ಎಂದು ಅವರನ್ನೇ ಕೇಳಿದರು. ಅಂದು ಸಾವಿರಾರು ಮಂದಿ ಖವಾರಿಜರನ್ನು ಬಿಟ್ಟು ಹಿಂತಿರುಗಿದರು.

ಆ ಸಭೆಯಲ್ಲಿ ಇಬ್ನು ಅಬ್ಬಾಸ್‌ರು(ರ) ಉತ್ತರ ಹೇಳಿದ್ದಕ್ಕಿಂತ ಮೊದಲು ಕೇಳಿಸಿಕೊಂಡಿದ್ದರು ಎಂಬುದನ್ನು ಗಮನಿಸಬೇಕು. ಎದುರಾಳಿಯ ಮಾತು ಪೂರ್ತಿ ಮುಗಿಯುವವರೆಗೆ ಕಾಯುವುದು ಅಹಂ ತುಂಬಿದವನಿಗೆ ಆಗದ ಕೆಲಸ.

ಇಮಾಮರುಗಳ ಎಚ್ಚರ

ಮದ್‌ಹಬ್‌ಗಳ ಇಮಾಮರುಗಳ ಕಾಲಕ್ಕೆ ವಾದ ಒಂದು ವಿದ್ಯೆಯಾಗಿ ಬೆಳೆಯತೊಡಗಿತ್ತು. ಇಮಾಮ್ ಅಬೂ ಹನೀಫಾರವರು(ರ) ತಮ್ಮ ಮಗ ಹಮ್ಮಾದ್‌ರನ್ನು ಅಕೀದದ ವಿಷಯಗಳಲ್ಲಿ ವಾದಿಸದಂತೆ ತಡೆದ ಘಟನೆಯನ್ನು ಉಲಮಾಗಳು ಹೇಳುತ್ತಾ ಬಂದಿದ್ದಾರೆ. ನೀವು ವಾದ ಮಾಡುತ್ತಿದ್ದಿರಿ, ನಮ್ಮನ್ನು ಮಾತ್ರ ಏಕೆ ತಡೆಯುತ್ತೀರಿ ಎಂದು ಮಗ ಕೇಳಿದರಂತೆ. ತಂದೆಯ ಉತ್ತರದ ತಾತ್ಪರ್ಯ ಇಷ್ಟು: ನಾವು ವಾದಿಸುವಾಗ ಎದುರಿನವನು ಎಲ್ಲಿ ಜಾರಿ ಬೀಳುತ್ತಾನೋ ಎಂಬ ಭಯದಿಂದ, ತಲೆಯ ಮೇಲೆ ಹಕ್ಕಿ ಕುಳಿತಂತೆ ಅಲುಗಾಡದೆ ಮಾತನಾಡುತ್ತಿದ್ದೆವು, ನೀವು ಎದುರಿನವನು ಜಾರಿ ಬೀಳಲಿ ಎಂದೇ ಮಾತನಾಡುತ್ತಿದ್ದೀರಿ.

ಇಮಾಮ್ ಶಾಫಿಈ(ರ) ತಮ್ಮ ಕಾಲದ ದೊಡ್ಡ ವಾದಪಟು. ಆದರೆ ಸತ್ಯವು ತಮ್ಮ ನಾಲಗೆಯಿಂದ ಹೊರಬಂತೋ ಎದುರಿನವನ ನಾಲಗೆಯಿಂದ ಹೊರಬಂತೋ ಎಂಬ ಚಿಂತೆ ತಮಗೆ ಇರಲಿಲ್ಲ ಎಂದು ಅವರು ಹೇಳಿಕೊಂಡಿದ್ದಾರೆ. ಅವರ ಶಿಷ್ಯ ಯೂನುಸ್ ಅಸ್ಸದಫೀ(ರ) ಒಂದು ಮಸ್‌ಅಲದಲ್ಲಿ ಅವರೊಂದಿಗೆ ವಾದಿಸಿ, ಒಮ್ಮತಕ್ಕೆ ಬಾರದೆ ಎದ್ದುಹೋಗಿದ್ದರು. ಮತ್ತೆ ಭೇಟಿಯಾದಾಗ ಶಾಫಿಈ(ರ) ತಾವೇ ಮುಂದಾಗಿ ಅವರ ಕೈ ಹಿಡಿದುಕೊಂಡರು. ಒಂದು ಮಸ್‌ಅಲದಲ್ಲಿ ನಾವು ಒಪ್ಪದೇ ಹೋದರೂ ಸಹೋದರರಾಗಿ ಉಳಿಯುವುದು ಚೆನ್ನಲ್ಲವೇ ಎಂದು ವಿಚಾರಿಸಿದರು. ಗುರು ಶಿಷ್ಯನ ಕೈ ಹಿಡಿದರು ಎಂಬುದನ್ನು ಮರೆಯಬಾರದು.

ಖುರಾಸಾನಿನ ಸೂಫಿ ಹಾತಿಮುಲ್ ಅಸಮ್(ರ) ಅವರಿಗೆ ವಾದದಲ್ಲಿ ಯಾವಾಗಲೂ ಜಯ ಸಿಗುವುದು ಹೇಗೆ ಎಂದು ಕೇಳಿದಾಗ ಅವರು ಮೂರು ಗುಣಗಳನ್ನು ಹೇಳಿದರಂತೆ. ಎದುರಾಳಿ ಸರಿ ಹೇಳಿದಾಗ ಸಂತೋಷಪಡುವುದು, ಅವನು ತಪ್ಪಿದಾಗ ದುಃಖಿಸುವುದು, ಅವನ ಮೇಲೆ ಒರಟುತನ ತೋರದಂತೆ ತನ್ನನ್ನು ತಡೆದುಕೊಳ್ಳುವುದು. ಈ ಮೂರನ್ನು ನಾವು ಕಾಗದದ ಮೇಲೆ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ವಾದಕ್ಕೆ ಬೆಲೆ ಬಂದ ಕಾಲ

ನಂತರದ ಶತಮಾನಗಳಲ್ಲಿ ಒಂದು ಬದಲಾವಣೆಯಾಯಿತು. ಅರಸರು ಮತ್ತು ವಝೀರರು ವಿದ್ವಾಂಸರ ವಾದವನ್ನು ಆಸ್ಥಾನದಲ್ಲಿ ಏರ್ಪಡಿಸತೊಡಗಿದರು. ಗೆದ್ದವನಿಗೆ ಹುದ್ದೆ, ಸಂಬಳ, ಮದ್ರಸಾ ಸಿಗುತ್ತಿತ್ತು. ಮುನಾಝರಾ ಎಂಬ ಈ ವಾದಸಭೆ ಹೀಗೆ ಅನ್ನದ ದಾರಿಯಾಯಿತು.

ಈ ದಾರಿಯ ತುತ್ತತುದಿಗೆ ಏರಿದವರು ಇಮಾಮ್ ಅಬೂ ಹಾಮಿದ್ ಗಝ್ಝಾಲಿ(ರ). ಕ್ರಿ.ಶ. 1058ರಲ್ಲಿ ಖುರಾಸಾನಿನ ತೂಸ್‌ನಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ನೈಸಾಬೂರಿನಲ್ಲಿ ಇಮಾಮುಲ್ ಹರಮೈನ್ ಜುವೈನಿಯವರ(ರ) ಬಳಿ ಕಲಿತರು. 1085ರಲ್ಲಿ ಗುರು ತೀರಿಕೊಂಡ ಮೇಲೆ ಸೆಲ್ಜೂಕ್ ಸಾಮ್ರಾಜ್ಯದ ಪ್ರಬಲ ವಝೀರ್ ನಿಝಾಮುಲ್ ಮುಲ್ಕ್‌ರ ಶಿಬಿರಕ್ಕೆ ಹೋದರು. ದೊಡ್ಡ ದೊಡ್ಡ ವಿದ್ವಾಂಸರು ಸೇರುತ್ತಿದ್ದ ಆ ಜಾಗದಲ್ಲಿ ವಾದಿಸಿ ಎಲ್ಲರನ್ನೂ ಹಿಂದಿಕ್ಕಿದರು. 1091ರಲ್ಲಿ ವಝೀರರು ಅವರನ್ನು ಬಗ್ದಾದಿನ ನಿಝಾಮಿಯ್ಯಾ ಮದ್ರಸಾದ ಪೀಠಕ್ಕೆ ನೇಮಿಸಿದರು. ಆಗ ಅವರ ವಯಸ್ಸು ಸುಮಾರು 33. ಅಂದಿನ ಮುಸ್ಲಿಮ್ ಜಗತ್ತಿನಲ್ಲಿ ಒಬ್ಬ ಆಲಿಮ್‌ಗೆ ಇದಕ್ಕಿಂತ ದೊಡ್ಡ ಹುದ್ದೆ ಹೆಚ್ಚಿರಲಿಲ್ಲ.

ಮುನ್ನೂರು ವಿದ್ಯಾರ್ಥಿಗಳು ಅವರ ಮುಂದೆ ಕೂರುತ್ತಿದ್ದರು. ಅವರು ಬಗ್ದಾದಿಗೆ ಬಂದಾಗ ಅವರ ಉಡುಪು ಮತ್ತು ಸವಾರಿಯ ಬೆಲೆಯನ್ನು ಅಲ್ಲಿನವರು 500 ದೀನಾರ್ ಎಂದು ಅಂದಾಜು ಮಾಡಿದ್ದರೆಂದು ಇತಿಹಾಸಕಾರ ಇಬ್ನುಲ್ ಜೌಝಿ(ರ) ದಾಖಲಿಸಿದ್ದಾರೆ. ಕಲಿತ ಹುಡುಗನೊಬ್ಬ ಕನಸಿನಲ್ಲಿ ಕಾಣುವುದೆಲ್ಲವೂ ಅವರ ಕೈಯಲ್ಲಿತ್ತು.

ಮಾತು ನಿಂತ ನಾಲಗೆ

ಹಿಜರಿ 488ರ ರಜಬ್, ಅಂದರೆ 1095ರ ಜುಲೈ. ಆ ಹೊತ್ತಿಗೆ ಗಝ್ಝಾಲಿಯವರು(ರ) ತಮ್ಮ ಕೆಲಸವನ್ನು ಒಳಗಿನಿಂದ ತೂಗಿ ನೋಡತೊಡಗಿದ್ದರು. ನಾನು ಪಾಠ ಹೇಳುವುದು ಯಾರಿಗಾಗಿ? ಅಲ್ಲಾಹನಿಗಾಗಿಯೋ, ಹೆಸರಿಗಾಗಿಯೋ? ಹೆಸರು ಮತ್ತು ಸ್ಥಾನದ ಆಸೆಯೇ ತಮ್ಮನ್ನು ನಡೆಸುತ್ತಿದೆ ಎಂಬ ಉತ್ತರ ಅವರಿಗೆ ಸಿಕ್ಕಿತು. ಇದನ್ನು ಅವರ ಶತ್ರುಗಳು ಬರೆದದ್ದಲ್ಲ. ‘ಅಲ್ ಮುನ್‌ಕಿಝ್ ಮಿನಲ್ ದಲಾಲ್’ ಎಂಬ ಆತ್ಮಕಥನದಲ್ಲಿ ಅವರೇ ಬರೆದುಕೊಂಡಿದ್ದಾರೆ.

ಬಿಟ್ಟು ಹೋಗಬೇಕೆಂದು ಬೆಳಗ್ಗೆ ನಿರ್ಧರಿಸುವುದು, ಸಂಜೆಗೆ ಆ ನಿರ್ಧಾರ ಕರಗುವುದು, ಹೀಗೆ ಸುಮಾರು ಆರು ತಿಂಗಳು ಕಳೆಯಿತು. ಕೊನೆಗೆ ನಾಲಗೆಯೇ ನಿಂತುಹೋಯಿತು. ವಿದ್ಯಾರ್ಥಿಗಳ ಮನಸ್ಸಿಗಾಗಿ ಒಂದು ದಿನವಾದರೂ ಪಾಠ ಹೇಳೋಣವೆಂದು ಪ್ರಯತ್ನಿಸಿದರೂ ಒಂದು ಪದ ಹೊರಡುತ್ತಿರಲಿಲ್ಲ. ಊಟ ಸೇರಲಿಲ್ಲ, ಮೈ ಸೊರಗಿತು. ವೈದ್ಯರು ಬಂದು ನೋಡಿ, ಇದು ಹೃದಯದಲ್ಲಿ ಹುಟ್ಟಿ ದೇಹಕ್ಕೆ ಇಳಿದಿರುವ ಬೇನೆ, ನಮ್ಮ ಔಷಧಿಗೆ ನಿಲುಕದು ಎಂದು ಕೈಬಿಟ್ಟರು.

ಯಾವ ನಾಲಗೆ ಆಸ್ಥಾನಗಳಲ್ಲಿ ವಿದ್ವಾಂಸರನ್ನು ಸೋಲಿಸಿತ್ತೋ ಅದೇ ನಾಲಗೆಯನ್ನು ಅಲ್ಲಾಹನು ತಡೆದು ನಿಲ್ಲಿಸಿದ. ನಾನು ಇದನ್ನು ಶಿಕ್ಷೆ ಎನ್ನುವುದಿಲ್ಲ. ಅದು ದೊಡ್ಡ ಕರುಣೆಯಾಗಿತ್ತು.

ಅದೇ ವರ್ಷದ ಕೊನೆಗೆ ಅವರು ಮನೆಮಂದಿಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕ ಸಂಪತ್ತನ್ನು ಹಂಚಿ, ತಮ್ಮ ಸ್ಥಾನದಲ್ಲಿ ಪಾಠ ಹೇಳಲು ಸಹೋದರ ಅಹ್ಮದ್‌ರನ್ನು ನಿಲ್ಲಿಸಿ ಬಗ್ದಾದ್ ಬಿಟ್ಟರು. ದಮಾಸ್ಕಸ್‌ನ ದೊಡ್ಡ ಮಸೀದಿಯ ಮಿನಾರದಲ್ಲಿ ಬಾಗಿಲು ಹಾಕಿಕೊಂಡು ಇಬಾದತ್‌ನಲ್ಲಿ ಕಾಲ ಕಳೆದರು. ಅಲ್ಲಿಂದ ಬೈತುಲ್ ಮಕ್ದಿಸ್‌ಗೆ, ಅಲ್ಲಿಂದ ಅಲ್ ಖಲೀಲ್‌ಗೆ ಹೋದರು. ಅಲ್ಲಿ ಪ್ರವಾದಿ ಇಬ್ರಾಹೀಮ್‌ರ(ಅ) ಸಮಾಧಿಯ ಬಳಿ ಹಿಜರಿ 489ರಲ್ಲಿ ಮೂರು ಪ್ರತಿಜ್ಞೆ ಮಾಡಿದರು. ಯಾವ ಸುಲ್ತಾನನ ಆಸ್ಥಾನಕ್ಕೂ ಹೋಗುವುದಿಲ್ಲ. ಯಾವ ಸುಲ್ತಾನನಿಂದಲೂ ಹಣ ಪಡೆಯುವುದಿಲ್ಲ. ವಾದಸಭೆಗಳಲ್ಲಿ ವಾದಿಸುವುದಿಲ್ಲ.

ಮೂರನೆಯದನ್ನು ಮೊದಲ ಎರಡರ ಸಾಲಿನಲ್ಲೇ ಇಟ್ಟದ್ದು ಸುಮ್ಮನೆ ಅಲ್ಲ. ಅಧಿಕಾರದ ಮೋಹ, ಹಣದ ಮೋಹಗಳಷ್ಟೇ ದೊಡ್ಡದು ಗೆಲುವಿನ ಮೋಹ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು.

ಇಹ್ಯಾದ ಕನ್ನಡಿ

ಈ ಅಲೆದಾಟದ ವರ್ಷಗಳಲ್ಲೇ ಅವರು ‘ಇಹ್ಯಾ ಉಲೂಮಿದ್ದೀನ್’ ಬರೆದರು. ಅದರ ಮೊದಲ ಭಾಗವಾದ ಜ್ಞಾನದ ಅಧ್ಯಾಯದಲ್ಲೇ ಮುನಾಝರಾದ ಬಗ್ಗೆ ದೀರ್ಘವಾಗಿ ಬರೆದಿದ್ದಾರೆ. ಸತ್ಯಕ್ಕಾಗಿ ವಾದಿಸುತ್ತಿದ್ದೇನೆ ಎನ್ನುವವನಲ್ಲಿ ಎಂಟು ಲಕ್ಷಣ ಇರಬೇಕು ಎನ್ನುತ್ತಾರೆ. ಎಲ್ಲವನ್ನೂ ಇಲ್ಲಿ ವಿವರಿಸುವುದಿಲ್ಲ. ನಮ್ಮ ಮನೆ, ಮಸೀದಿ, ಜಮಾಅತ್ ಕಮಿಟಿಗಳಿಗೆ ನೇರವಾಗಿ ತಾಗುವ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು, ಅದಕ್ಕಿಂತ ಮುಖ್ಯವಾದ ಕರ್ತವ್ಯ ಬಾಕಿ ಇರಬಾರದು. ಜನ ಬಾಯಾರಿ ಸಾಯುತ್ತಿರುವಾಗ ನೀರು ಕೊಡುವ ಶಕ್ತಿ ಇದ್ದೂ ರಕ್ತ ತೆಗೆಯುವ ಚಿಕಿತ್ಸೆ ಕಲಿಯಲು ಹೊರಟವನ ಉದಾಹರಣೆಯನ್ನು ಅವರು ಕೊಡುತ್ತಾರೆ. ಎಷ್ಟೋ ಪಟ್ಟಣಗಳಲ್ಲಿ ನಂಬಬಹುದಾದ ಮುಸ್ಲಿಮ್ ವೈದ್ಯನೇ ಇಲ್ಲ, ಅದು ಸಮುದಾಯದ ಮೇಲಿರುವ ಫರ್ಝ್ ಕಿಫಾಯಾ ಆಗಿದ್ದರೂ ಫಿಕ್ಹ್ ವಿದ್ವಾಂಸರಲ್ಲಿ ಯಾರೂ ಅತ್ತ ಸುಳಿಯುತ್ತಿಲ್ಲ ಎಂದು ಕುಟುಕುತ್ತಾರೆ. ಒಂಬೈನೂರು ವರ್ಷ ಹಿಂದಿನ ಈ ಮಾತನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದೆ. ತರಾವೀಹ್‌ನ ರಕ್‌ಅತ್ ಎಣಿಕೆಯ ಬಗ್ಗೆ ರಾತ್ರಿ ಒಂದು ಗಂಟೆವರೆಗೆ ವಾದಿಸುವ ಮೊಹಲ್ಲಾದಲ್ಲಿ ಫೀಸ್ ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗಿಯ ಮನೆಯೂ ಇರುತ್ತದೆ.

ಎರಡನೆಯದು, ಜನ ಸೇರಿದಲ್ಲಿ, ದೊಡ್ಡವರ ಎದುರಿನಲ್ಲಿ ವಾದಿಸುವುದಕ್ಕಿಂತ ಇಬ್ಬರೇ ಇದ್ದಾಗ ಮಾತನಾಡುವುದು ಅವನಿಗೆ ಹೆಚ್ಚು ಇಷ್ಟವಾಗಬೇಕು. ಏಕಾಂತದಲ್ಲಿ ಮನಸ್ಸು ಶಾಂತವಾಗಿರುತ್ತದೆ. ಗುಂಪು ನೋಡುತ್ತಿದ್ದರೆ ಇಬ್ಬರಿಗೂ ಸೋಲಲು ನಾಚಿಕೆ.

ಮೂರನೆಯದು, ಅವನು ಕಳೆದುಹೋದ ಪ್ರಾಣಿಯನ್ನು ಹುಡುಕುವವನಂತಿರಬೇಕು. ಅದು ತನ್ನ ಕೈಗೆ ಸಿಕ್ಕಿದರೂ ಸಂತೋಷ, ಜೊತೆಯವನ ಕೈಗೆ ಸಿಕ್ಕಿದರೂ ಸಂತೋಷ. ತಪ್ಪಿಸಿಕೊಂಡ ಹಸುವನ್ನು ಹುಡುಕುತ್ತಾ ಹೋದವನಿಗೆ, ಅದು ನಮ್ಮ ತೋಟದ ಬದಿಯಲ್ಲಿದೆ ಎಂದು ನೆರೆಯವನು ಹೇಳಿದರೆ ಸಿಟ್ಟು ಬರುತ್ತದೆಯೇ? ಶುಕ್ರ್ ಹೇಳಿ ಹಗ್ಗ ಹಿಡಿದು ಓಡುತ್ತಾನೆ.

ನಾಲ್ಕನೆಯದು, ಎದುರಿನವನು ಒಂದು ಪುರಾವೆ ಬಿಟ್ಟು ಇನ್ನೊಂದಕ್ಕೆ ಹೋದರೆ ತಡೆಯಬಾರದು. ಆಗ ಹೀಗೆ ಹೇಳಿದ್ದಿ, ಈಗ ಹೀಗೆ ಹೇಳುತ್ತಿ ಎಂದು ಹಿಡಿದು ಕಟ್ಟಿಹಾಕುವುದು ಜಟ್ಟಿಗಳ ಪಟ್ಟೇ ಹೊರತು ಸತ್ಯ ಹುಡುಕುವವರ ರೀತಿಯಲ್ಲ.

ಈ ಲಕ್ಷಣಗಳಿಲ್ಲದ ವಾದದಿಂದ ಹುಟ್ಟುವ ಕೆಡುಕುಗಳನ್ನೂ ಅವರು ಪಟ್ಟಿ ಮಾಡುತ್ತಾರೆ. ಅಸೂಯೆ, ಅಹಂಕಾರ, ಹಗೆ, ಗೀಬತ್, ತನ್ನನ್ನು ತಾನೇ ಹೊಗಳಿಕೊಳ್ಳುವುದು, ಇತರರ ತಪ್ಪುಗಳನ್ನು ಕೆದಕುವುದು, ಇನ್ನೊಬ್ಬನ ಸಂಕಟಕ್ಕೆ ಹಿಗ್ಗುವುದು, ಕಪಟ, ಸತ್ಯವನ್ನು ದ್ವೇಷಿಸುವುದು, ಪ್ರದರ್ಶನದ ಚಪಲ. ವಾದಪಟುವೊಬ್ಬ ಊರಿಗೆ ಬರುತ್ತಾನೆಂದರೆ ಅವನ ಗುಟ್ಟು ಬಲ್ಲವರನ್ನು ಹುಡುಕಿಕೊಂಡು ಹೋಗುವವರಿದ್ದರಂತೆ. ಅವನ ಬಾಲ್ಯದ ತಪ್ಪು, ಮೈಮೇಲಿನ ಊನ ಎಲ್ಲವನ್ನೂ ಕೇಳಿ ತಿಳಿದುಕೊಂಡು, ವಾದದಲ್ಲಿ ಸೋಲುವ ಹಾಗಾದರೆ ಪ್ರಯೋಗಿಸಲು ಇಟ್ಟುಕೊಳ್ಳುತ್ತಿದ್ದರಂತೆ. ಗಝ್ಝಾಲಿಯವರಿಗೆ(ರ) ಇದೆಲ್ಲ ಕೇಳಿ ಗೊತ್ತಾದದ್ದಲ್ಲ, ಆ ಸಭೆಗಳಲ್ಲಿ ಕುಳಿತು ಕಂಡದ್ದು. ಅಂದು ಗುಟ್ಟು ಕೆದಕಲು ಒಂಟೆ ಹತ್ತಿ ಹೋಗಬೇಕಿತ್ತು. ಇಂದು ಜೇಬಿನಲ್ಲಿರುವ ಮೊಬೈಲ್ ಸಾಕು.

ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಸತ್ಯದ ದ್ವೇಷ. ದೀನಿನ ಹೆಸರಿನಲ್ಲಿ ವಾದಕ್ಕಿಳಿದವನಿಗೆ ಕೊನೆಗೆ ಎದುರಾಳಿಯ ಬಾಯಲ್ಲಿ ಸತ್ಯ ಕಾಣಿಸಿಕೊಳ್ಳುವುದೇ ಎಲ್ಲಕ್ಕಿಂತ ಅಸಹ್ಯವಾಗಿಬಿಡುತ್ತದೆ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಮ್ಮವರು ನಗುತ್ತಾ ಹೇಳುವ ಗಾದೆ ಇಲ್ಲಿ ನಗುವಿನ ವಿಷಯವಾಗಿ ಉಳಿಯುವುದಿಲ್ಲ. ಆ ಮೀಸೆಯನ್ನು ಕಾಪಾಡಲು ಮನುಷ್ಯ ತನ್ನ ಈಮಾನನ್ನೇ ಒತ್ತೆ ಇಡುತ್ತಾನೆ.

ಹಿಂತಿರುಗಿದ ಮೇಲೆ

ಎಲ್ಲ ಬಿಟ್ಟು ಹೋಗುವುದರಲ್ಲೂ ಒಂದು ಅಹಂ ಇರಬಹುದಲ್ಲವೇ? ನೋಡಿ, ನಾನೆಷ್ಟು ತ್ಯಾಗಿ ಎಂಬ ಅಹಂ. ಗಝ್ಝಾಲಿಯವರ(ರ) ಸಮಕಾಲೀನ, ನೈಸಾಬೂರಿನ ಇತಿಹಾಸಕಾರ ಅಬ್ದುಲ್ ಗಾಫಿರ್ ಅಲ್ ಫಾರಿಸಿ(ರ) ಅವರಿಗೂ ಇದೇ ಸಂಶಯ ಬಂದಿತ್ತು. ಅವರು ಗಝ್ಝಾಲಿಯವರನ್ನು(ರ) ಹಿಂದಿನಿಂದಲೂ ಬಲ್ಲವರು. ಮೊದಲು ಅವರಲ್ಲಿ ಜನರನ್ನು ಕೀಳಾಗಿ ಕಾಣುವ ಒರಟುತನ ಇತ್ತು, ತಮ್ಮ ಮಾತಿನ ಚಾತುರ್ಯ ಮತ್ತು ಬುದ್ಧಿಗೆ ತಾವೇ ಮರುಳಾಗಿದ್ದರು ಎಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಿಂತಿರುಗಿದ ಬಳಿಕ ಅವರಲ್ಲಿ ಕಂಡ ವಿನಯ ಬರೀ ಸೋಗು ಎಂದೇ ಫಾರಿಸಿಯವರು ಭಾವಿಸಿದ್ದರು. ಅನೇಕ ಬಾರಿ ಭೇಟಿಯಾಗಿ, ಒರೆಗೆ ಹಚ್ಚಿ ನೋಡಿದ ಮೇಲೆ, ತಮ್ಮ ಊಹೆ ತಪ್ಪು, ಮನುಷ್ಯ ನಿಜವಾಗಿಯೂ ಬದಲಾಗಿದ್ದಾರೆ ಎಂದು ಸಾಕ್ಷಿ ನುಡಿದರು.

ಈ ಸಾಕ್ಷ್ಯದಲ್ಲಿ ಇಬ್ಬರ ದೊಡ್ಡತನ ಇದೆ. ಗಝ್ಝಾಲಿ(ರ) ಬದಲಾದರು. ಫಾರಿಸಿಯವರು(ರ) ತಮ್ಮ ಅಭಿಪ್ರಾಯ ತಪ್ಪಾಗಿತ್ತೆಂದು ಬರಹದಲ್ಲಿ ಒಪ್ಪಿಕೊಂಡರು.

ಬಗ್ದಾದಿಗೆ ಮೊದಲು ಬಂದಾಗ 500 ದೀನಾರ್ ಬೆಲೆ ಕಟ್ಟಿದ್ದವರು ಅವರು ಸಂಚಾರ ಮುಗಿಸಿ ಮತ್ತೆ ಆ ನಗರಕ್ಕೆ ಬಂದಾಗ ಉಡುಪಿಗೆ 15 ಕೀರಾತ್ ಬೆಲೆ ಕಟ್ಟಿದರಂತೆ. ದೀನಾರಿಗೆ ಕೀರಾತ್ ಎಂದರೆ ಚಿಲ್ಲರೆ ಕಾಸು.

ಹಿಜರಿ 499ರಲ್ಲಿ (ಕ್ರಿ.ಶ. 1106) ನಿಝಾಮುಲ್ ಮುಲ್ಕ್‌ರ ಮಗ ಫಖ್ರುಲ್ ಮುಲ್ಕ್‌ರ ಒತ್ತಾಯಕ್ಕೆ ಅವರು ನೈಸಾಬೂರಿನಲ್ಲಿ ಮತ್ತೆ ಪಾಠ ಹೇಳಲು ಒಪ್ಪಿದರು. ಹಿಂದೆ ತಾವು ಕಲಿಸಿದ್ದು ಸ್ಥಾನ ಗಳಿಸುವ ವಿದ್ಯೆ, ಈಗ ಕಲಿಸುವುದು ಸ್ಥಾನದ ಆಸೆ ಬಿಡಿಸುವ ವಿದ್ಯೆ ಎಂದು ಅವರು ವ್ಯತ್ಯಾಸ ಹೇಳಿಕೊಂಡಿದ್ದಾರೆ. ಹಿಜರಿ 504ರಲ್ಲಿ ಬಗ್ದಾದಿನ ನಿಝಾಮಿಯ್ಯಾದ ಪೀಠ ಮತ್ತೆ ಖಾಲಿಯಾಯಿತು. ಅಲ್ಲಿದ್ದ ಅವರ ಸಹಪಾಠಿ ಅಲ್ ಕಿಯಾ ಅಲ್ ಹರ್ರಾಸಿ(ರ) ತೀರಿಕೊಂಡಿದ್ದರು. ಗಝ್ಝಾಲಿಯವರಿಗೆ(ರ) ಕರೆ ಬಂತು. ಅವರು ಹೋಗಲಿಲ್ಲ. ತೂಸ್‌ನಲ್ಲಿ ತಮ್ಮನ್ನು ನಂಬಿಕೊಂಡಿರುವ ವಿದ್ಯಾರ್ಥಿಗಳಿದ್ದಾರೆ ಎಂಬುದು ಒಂದು ಕಾರಣ. ಬಗ್ದಾದಿನಲ್ಲಿ ವಾದಸಭೆಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ವಾದಿಸುವುದಿಲ್ಲವೆಂದು ತಾವು ಅಲ್ ಖಲೀಲ್‌ನಲ್ಲಿ ಮಾತು ಕೊಟ್ಟಿದ್ದೇವೆ ಎಂಬುದು ಇನ್ನೊಂದು.

ಹಾಗೆಂದು ಅವರು ಸತ್ಯ ಹೇಳುವುದನ್ನು ನಿಲ್ಲಿಸಿದರೇ? ಇಲ್ಲ. ತಪ್ಪೆಂದು ಕಂಡದ್ದನ್ನು ತಪ್ಪೆಂದು ಕೊನೆಯವರೆಗೂ ಬರೆದರು, ಕಲಿಸಿದರು. ಅವರ ಲೇಖನಿ ಹರಿತವಾಗಿಯೇ ಇತ್ತು. 1111ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವ ಕೆಲವೇ ದಿನ ಮೊದಲು ಬರೆದು ಮುಗಿಸಿದ ‘ಇಲ್ಜಾಮುಲ್ ಅವಾಮ್’ ಎಂಬ ಕೃತಿ ಜನಸಾಮಾನ್ಯರನ್ನು ಅಕೀದದ ವಾದಗಳಿಗೆ ಎಳೆಯಬಾರದು ಎಂಬ ವಿಷಯದ ಮೇಲೆಯೇ ಇದೆ. ಅವರು ಬಿಟ್ಟದ್ದು ಗೆಲುವಿನ ಕಣವನ್ನು ಮಾತ್ರ.

ಮಿಂಬರ್ ಉಳಿದ ಊರು

ಎಚ್ಚರಿಕೆಯನ್ನು ಕೇಳದೇ ಹೋದರೆ ಏನಾಗುತ್ತದೆ? ಗಝ್ಝಾಲಿಯವರು(ರ) ತೀರಿಕೊಂಡ ನೂರು ಚಿಲ್ಲರೆ ವರ್ಷಗಳ ಬಳಿಕ, ಹಿಜರಿ 617ರಲ್ಲಿ (ಕ್ರಿ.ಶ. 1220) ಭೂಗೋಳಶಾಸ್ತ್ರಜ್ಞ ಯಾಕೂತ್ ಅಲ್ ಹಮವಿ ತಾತಾರಿಗಳ ದಾಳಿಯಿಂದ ತಪ್ಪಿಸಿಕೊಂಡು ಬರುತ್ತಾ ರಯ್ ನಗರದ ಮೂಲಕ ಹಾದುಹೋದರು. ಇಂದಿನ ತೆಹ್ರಾನ್‌ಗೆ ಅಂಟಿಕೊಂಡಿರುವ ರಯ್ ಅಂದು ಹೆಸರಾಂತ ಪಟ್ಟಣ. ಅವರು ನೋಡಿದಾಗ ಅದರ ಬಹುಭಾಗ ಹಾಳುಬಿದ್ದಿತ್ತು. ಗೋಡೆಗಳು ನಿಂತಿದ್ದವು, ಗೋಡೆಯ ಚಿತ್ತಾರ ಮಾಸಿರಲಿಲ್ಲ, ಮಿಂಬರ್‌ಗಳು ಇದ್ದಲ್ಲೇ ಇದ್ದವು. ಜನ ಇರಲಿಲ್ಲ.

ಕಾರಣ ಕೇಳಿದಾಗ ಊರಿನ ತಿಳಿವಳಿಕಸ್ಥನೊಬ್ಬ ಹೇಳಿದ್ದು ಹೊರಗಿನ ಶತ್ರುವಿನ ಕಥೆಯನ್ನಲ್ಲ. ಊರಿನಲ್ಲಿ ಶಿಯಾ, ಹನಫಿ, ಶಾಫಿಈ ಎಂಬ ಮೂರು ಪಂಗಡಗಳಿದ್ದವು. ಮೊದಲು ಹನಫಿಗಳೂ ಶಾಫಿಈಗಳೂ ಸೇರಿ ಶಿಯಾಗಳ ಮೇಲೆ ಬಿದ್ದರು. ಅವರು ಮುಗಿದ ಮೇಲೆ ತಮ್ಮತಮ್ಮಲ್ಲೇ ಹೊಡೆದಾಡಿದರು. ಕೊಲೆ ಸುಲಿಗೆಗಳಿಗೆ ಹೆದರಿ ಜನ ನೆಲದಡಿಯಲ್ಲಿ ಮನೆ ಕಟ್ಟಿಕೊಂಡು, ಕತ್ತಲ ದಾರಿಗಳಲ್ಲಿ ಓಡಾಡುತ್ತಿದ್ದರು.

ಅಧಿಕಾರದ ಪೈಪೋಟಿಯೂ ಇಂತಹ ಗಲಭೆಗಳಲ್ಲಿ ಸೇರಿರುತ್ತದೆ, ನಿಜ. ಆದರೆ ಶಿಷ್ಯನ ಕೈ ಹಿಡಿದು ಸಹೋದರತ್ವ ಉಳಿಸಿಕೊಳ್ಳೋಣ ಎಂದ ಇಮಾಮರ ಹೆಸರಿನಲ್ಲಿ, ಎದುರಾಳಿ ಜಾರದಿರಲಿ ಎಂದು ಉಸಿರು ಬಿಗಿಹಿಡಿದ ಇಮಾಮರ ಹೆಸರಿನಲ್ಲಿ ಜನ ಪರಸ್ಪರ ಮನೆಗೆ ಬೆಂಕಿ ಇಡುವ ಹಂತಕ್ಕೆ ಬಂದಿದ್ದರು. ಇಮಾಮರ ಮಸ್‌ಅಲಗಳನ್ನು ಹಿಡಿದುಕೊಂಡರು, ಅವರ ಅದಬ್ಬನ್ನು ಬಿಟ್ಟರು. ಪ್ರತಿ ಶುಕ್ರವಾರ ಮಿಂಬರ್ ಏರುವ ನನಗೆ ಜನವಿಲ್ಲದ ಊರಿನ ಆ ಮಿಂಬರ್‌ಗಳ ನೆನಪು ನಿದ್ದೆ ಕೆಡಿಸುತ್ತದೆ.

ನನ್ನ ಒಂದು ಗೆಲುವು

ಇತಿಹಾಸ ಹೇಳಿ ನನ್ನನ್ನು ಬಚ್ಚಿಟ್ಟುಕೊಳ್ಳುವುದು ಸರಿಯಲ್ಲ. ಮದ್ರಸಾ ಮುಗಿಸಿ, ಅಂಚೆಯ ಮೂಲಕ ಬಿಎ ಓದುತ್ತಿದ್ದ ದಿನಗಳಲ್ಲಿ ಸಣ್ಣದೊಂದು ಮೊಹಲ್ಲಾದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ಅಲ್ಲೊಬ್ಬರು ಹಿರಿಯ ಹಾಜಿಯವರು, ಅಡಿಕೆ ವ್ಯಾಪಾರಿ. ಒಂದು ಮಗ್ರಿಬ್ ಬಳಿಕ ಪ್ರಯಾಣದ ಕಸ್ರ್ ನಮಾಝ್‌ನ ಬಗ್ಗೆ ಮಾತು ಬಂತು. ಅವರು ಹೇಳಿದ್ದು ತಪ್ಪಾಗಿತ್ತು. ನಾನು ಎದ್ದುಹೋಗಿ ಮೂರು ಕಿತಾಬ್ ತಂದು, ಹದಿನೈದು ಇಪ್ಪತ್ತು ಜನರ ಮುಂದೆ ಒಂದೊಂದೇ ಪುಟ ತೆರೆದು ಓದಿದೆ. “ನೀವು ಕಲಿತವರು ಉಸ್ತಾದ್, ನೀವು ಹೇಳಿದ್ದೇ ಸರಿ” ಎಂದು ಅವರು ಎದ್ದು ಹೋದರು. ಮರುದಿನದಿಂದ ಅವರು ಆಚೆ ಬೀದಿಯ ಮಸೀದಿಗೆ ಹೋಗತೊಡಗಿದರು.

ಎರಡು ತಿಂಗಳ ಮೇಲೆ ಇಹ್ಯಾದ ಈ ಅಧ್ಯಾಯವನ್ನು ದರ್ಸ್‌ಗಾಗಿ ಓದುತ್ತಿದ್ದಾಗ ನನಗೆ ಮುಖ ಎತ್ತಲಾಗಲಿಲ್ಲ. ಹಾಜಿಯವರ ಮನೆಗೆ ಹೋದೆ. ಅವರು ಚಾ ತರಿಸಿದರು. ನಾನು ಕ್ಷಮೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮಸ್‌ಅಲ ನನಗೆ ಮೊದಲನೇ ಕಿತಾಬಿನಲ್ಲೇ ಅರ್ಥ ಆಗಿತ್ತು ಉಸ್ತಾದ್. ಅಂದು ನನ್ನ ಮೊಮ್ಮಗ ಪಕ್ಕದಲ್ಲಿ ಕೂತಿದ್ದ.”

ಮೊದಲನೇ ಕಿತಾಬು ದೀನಿಗಾಗಿ ಆಗಿತ್ತೇನೋ. ಎರಡನೆಯದೂ ಮೂರನೆಯದೂ ನನಗಾಗಿ ತಂದದ್ದು. ಮುಂದಿನ ಜುಮಾಕ್ಕೆ ಅವರು ಮೊಮ್ಮಗನ ಕೈ ಹಿಡಿದು ನಮ್ಮ ಮಸೀದಿಗೆ ಬಂದರು. ಅದು ಅವರ ದೊಡ್ಡ ಮನಸ್ಸು, ನನ್ನ ಸಾಧನೆಯಲ್ಲ.

ಆದ್ದರಿಂದ ಪ್ರಶ್ನೆ ಕೇಳಿದ ಯುವಕನಿಗೆ ನನ್ನ ಉತ್ತರ ಇಷ್ಟು. ತಪ್ಪನ್ನು ತಪ್ಪು ಎಂದು ಹೇಳು. ಆದರೆ ಹೇಳುವ ಮೊದಲು ನಿನ್ನನ್ನೇ ಮೂರು ಮಾತು ಕೇಳಿಕೋ. ಇದನ್ನು ಅವರೊಬ್ಬರೇ ಇರುವಾಗ ಹೇಳಲು ನನಗೆ ಮನಸ್ಸುಂಟೇ, ಅಥವಾ ನೋಡುವವರು ಬೇಕೇ? ಅವರ ಮಾತೇ ಸರಿಯೆಂದು ತಿಳಿದರೆ ನನಗೆ ಸಂತೋಷವಾದೀತೇ? ಅವರಿಗೆ ಅರ್ಥವಾದ ಮೇಲೂ ನಾನು ಇನ್ನೊಂದು ಕಿತಾಬು ತರಲು ಏಳುತ್ತಿದ್ದೇನೆಯೇ? ಉತ್ತರಗಳು ಸರಿಯಿದ್ದರೆ ಬಿಸ್ಮಿ ಹೇಳಿ ಮಾತನಾಡು. ಇಲ್ಲದಿದ್ದರೆ, ತನ್ನ ಕಡೆ ನ್ಯಾಯ ಇದ್ದರೂ ವಾದವನ್ನು ಬಿಟ್ಟವನಿಗೆ ಸ್ವರ್ಗದ ಅಂಚಿನಲ್ಲಿ ಒಂದು ಮನೆ ಸಿಗುವುದೆಂದು ಪ್ರವಾದಿ(ಸ) ಕೊಟ್ಟ ಭರವಸೆಯನ್ನು ನೆನಪಿಸಿಕೋ. ಅಬೂ ದಾವೂದ್ ವರದಿ ಮಾಡಿದ ಈ ಹದೀಸಿನಲ್ಲಿ ಮನೆಯ ವಾಗ್ದಾನ ಇರುವುದು ನ್ಯಾಯ ತನ್ನ ಕಡೆ ಇದ್ದೂ ಬಿಟ್ಟವನಿಗೆ.

ಸತ್ಯವನ್ನು ಯಾರ ಬಾಯಿಂದ ಬಂದರೂ ಸ್ವೀಕರಿಸುವ ಮನಸ್ಸನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ನಮ್ಮ ಮಸೀದಿಗಳ ಮಿಂಬರ್‌ಗಳನ್ನು ಮಾತ್ರವಲ್ಲ, ಅವುಗಳ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಸಫ್‌ಗಳನ್ನೂ ಅವನು ಕಾಪಾಡಲಿ. ಆಮೀನ್.